ಓದು ಯಾರ ಜಾತಕದಲ್ಲಿ ಬರೆದಿದೆ?

ಪಂಚಾಂಗದಲ್ಲಿ ಕಾಣದ ಹಬ್ಬವೊಂದು ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಿ.ಯು.ಸಿ., ಎಸ್.ಎಸ್.ಎಲ್.ಸಿ. ಫಲಿತಾಂಶಗಳು ಹೊರಬಿದ್ದೊಡನೆ ಪೇಟೆಯ ಮೂಲೆ ಮೂಲೆಗಳಲ್ಲಿ ಮಕ್ಕಳ ಭಾವಚಿತ್ರಗಳು ಅಂಕಗಳ ಸಮೇತ ಏಳುತ್ತವೆ. ಅಂಗಡಿಯ ಜಗಲಿಯಲ್ಲಿ, ಬಸ್ಸಿನಲ್ಲಿ, ಗೇರುಬೀಜ ಕಾರ್ಖಾನೆಯ ಬಾಗಿಲಲ್ಲಿ ಅದೇ ಮಾತು: ಯಾರ ಮಗಳಿಗೆ ಎಷ್ಟು, ಯಾರ ಮಗನಿಗೆ ಎಷ್ಟು, ಯಾವ ಶಾಲೆಗೆ ನೂರಕ್ಕೆ ನೂರು.

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ಶೇಕಡಾ 94 ತೇರ್ಗಡೆಯೊಡನೆ ರಾಜ್ಯಕ್ಕೆ ಮೊದಲನೆಯದಾಯಿತು. ಪಟ್ಟಿಯ ಕೊನೆಯಲ್ಲಿ ಶೇಕಡಾ 50.59ರೊಡನೆ ಯಾದಗಿರಿ ನಿಂತಿತ್ತು. 2025ರ ದ್ವಿತೀಯ ಪಿ.ಯು.ಸಿ.ಯಲ್ಲಿ ಮತ್ತೆ ಉಡುಪಿಯೇ ಮೊದಲು, 93.90, ಮತ್ತೆ ಯಾದಗಿರಿಯೇ ಕೊನೆ, 48.45. ಅದೇ ವರ್ಷದ ಎಸ್.ಎಸ್.ಎಲ್.ಸಿ.ಯಲ್ಲಿ ದಕ್ಷಿಣ ಕನ್ನಡ ಮುಂದಾಗಿ ನಾವು ಎರಡನೆಯವರಾದೆವೆಂದು ಮನೆಯಲ್ಲಿ ಮದುವೆ ತಪ್ಪಿದವರಂತೆ ಬೇಸರಪಟ್ಟ ಮಹನೀಯರನ್ನೂ ನಾವು ಕಂಡಿದ್ದೇವೆ.

ಹೆಮ್ಮೆಪಡಬಾರದೆಂದು ನಾವು ಹೇಳುವವರಲ್ಲ. ಬೀಡಿ ಕಟ್ಟಿ, ಗೇರುಬೀಜ ಸುಲಿದು, ಹಂಚಿನ ಕಾರ್ಖಾನೆಯ ಕಾವಿನಲ್ಲಿ ಬೆಂದು ಮಕ್ಕಳನ್ನು ಓದಿಸಿದ ತಾಯಿ ತಂದೆಯರ ಹೆಮ್ಮೆಯನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹೆಮ್ಮೆಯ ಪಕ್ಕದಲ್ಲಿ ಇನ್ನೊಂದು ಭಾವನೆ ಬೆಳೆಯುತ್ತಿದೆ. ಅದರ ಬಗ್ಗೆ ಈ ವಾರ ನಾಲ್ಕು ಮಾತು ಹೇಳಬೇಕಾಗಿದೆ.

ಪೆರ್ಡೂರಿನಲ್ಲಿ ಕೇಳಿದ ಮಾತು

ಕೆಲವು ದಿನಗಳ ಹಿಂದೆ ಕಟ್ಟಡ ಕಾರ್ಮಿಕರ ನೋಂದಣಿಯ ಕೆಲಸಕ್ಕಾಗಿ ಪೆರ್ಡೂರಿಗೆ ಹೋಗಿದ್ದೆವು. ಅನಂತಪದ್ಮನಾಭ ದೇವಸ್ಥಾನದಿಂದ ಬಹಳ ದೂರವಲ್ಲ, ಒಂದು ಮನೆ ಏಳುತ್ತಿತ್ತು. ಕೆಲಸಕ್ಕಿದ್ದವರು ಯಾದಗಿರಿ ಕಡೆಯ ಎರಡು ಕುಟುಂಬ. ಮರಳಿನ ರಾಶಿಯ ಹತ್ತಿರ ಒಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಹರಿದ ಒಂದು ಫ್ಲೆಕ್ಸನ್ನು ಸಿಮೆಂಟಿನ ಮೂಟೆಗಳ ಮೇಲೆ ಹೊದಿಸಿದ್ದರು. ಅದರಲ್ಲಿದ್ದ ದಪ್ಪಕ್ಷರಗಳನ್ನು ಅವಳು ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು: “ರಾಜ್ಯಕ್ಕೆ ಪ್ರಥಮ.”

“ಶಾಲೆಗೆ ಹೋಗುವುದಿಲ್ಲವೇ?” ಎಂದು ತಂದೆಯನ್ನು ಕೇಳಿದೆವು.

“ಊರಾಗ ಮೂರನೇತ್ತ ಓದ್ಲಿಕತ್ತಿದ್ಳ್ರಿ. ಮಳಿ ಹೋತು, ಇಲ್ಲಿಗಿ ಬಂದ್ವಿ. ಸಣ್ಣಾವನ್ನ ನೋಡ್ಕೊಳ್ಳೋರು ಯಾರ್ರಿ?” ಎಂದರು.

ಚಹಾ ಕುಡಿಯಲು ಹತ್ತಿರದ ಅಂಗಡಿಗೆ ಹೋದಾಗ ಈ ವಿಷಯವೇ ಬಂತು. ಅಂಗಡಿಯವರು ಒಳ್ಳೆಯ ಮನುಷ್ಯರು. ತಮ್ಮ ಎರಡು ಮಕ್ಕಳನ್ನು ಇಂಜಿನಿಯರ್ ಮಾಡಿದವರು. ಅವರು ನಗುತ್ತಾ ಹೇಳಿದರು: “ಅವ್ರಿಗೆಲ್ಲ ಓದು ಎಂತಕ್ಕೆ ಮಾಸ್ಟ್ರೇ? ಅದು ಅವ್ರ ಜಾತಕದಲ್ಲೇ ಇಲ್ಲ. ನಮ್ಮವ್ರ ಹಾಗೆ ಆಸೆ ಉಂಟಾ ಅವ್ರಿಗೆ?”

ಈ ಮಾತಿನಲ್ಲಿ ದ್ವೇಷವಿರಲಿಲ್ಲ. ನಮ್ಮನ್ನು ಯೋಚನೆಗೆ ಹಚ್ಚಿದ್ದೂ ಅದೇ. ಓದಿನ ಆಸೆ ಕೆಲವು ಊರಿಗೆ, ಕೆಲವು ಕುಲಕ್ಕೆ, ಕೆಲವು ದೇಶಕ್ಕೆ ಹುಟ್ಟಿನಿಂದಲೇ ಬರುತ್ತದೆ, ಉಳಿದವರಿಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಒಳ್ಳೆಯ ಮನುಷ್ಯರೂ ಪರೀಕ್ಷಿಸದೆ ನುಂಗಿಬಿಟ್ಟಿದ್ದಾರೆ.

ನಮ್ಮ ಅಜ್ಜಂದಿರ ಜಾತಕ

ಓದುಗ ಬಂಧುಗಳೇ, ಇದೇ ಮಾತನ್ನು ಒಂದು ಕಾಲದಲ್ಲಿ ಯಾರ ವಿಷಯದಲ್ಲಿ ಆಡುತ್ತಿದ್ದರು? ನಮ್ಮ ಅಜ್ಜಂದಿರ ವಿಷಯದಲ್ಲಿಯೇ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತರ ಮಕ್ಕಳಿಗೆಂದು ಶಾಲೆ ತೆರೆದಾಗ ಅವರದೇ ಸಮಾಜ ಅವರನ್ನು ಹೊರಗಿಟ್ಟಿತು. ಆ ಮಕ್ಕಳಿಗೆ ಅಕ್ಷರ ಎಂತಕ್ಕೆ ಎಂದು ಕೇಳಿದವರೂ ತಮ್ಮ ತಮ್ಮ ಮನೆಯಲ್ಲಿ ಒಳ್ಳೆಯ ಮನುಷ್ಯರೇ ಆಗಿದ್ದಿರಬೇಕು. ಚಾಲಗೇಣಿಯ ಒಕ್ಕಲಿನ ಮಗ ಸ್ಲೇಟು ಹಿಡಿದರೆ ಧಣಿಯ ಎಮ್ಮೆಯನ್ನು ಮೇಯಿಸುವವರು ಯಾರು ಎಂದು ಕೇಳಿದ ಕಾಲ ಇನ್ನೂ ಮುದುಕರ ನೆನಪಿನಲ್ಲಿದೆ.

ಹಾಗಾದರೆ ನಮ್ಮ ಜಾತಕ ಬದಲಾದದ್ದು ಹೇಗೆ? ಗ್ರಹಗಳು ಕದಲಿದ್ದರಿಂದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಶಾಲೆಯನ್ನೂ ನಡೆಸಿದರು, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಹಾಕಿದರು. ಪುಸ್ತಕ ಮತ್ತು ಕೈಕೆಲಸ ಒಂದೇ ಹಿತ್ತಲಲ್ಲಿ ಬೆಳೆದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಅದನ್ನು ವಸೂಲು ಮಾಡಲು ಬ್ಯಾಂಕಿನವನೇ ಅಂಗಡಿಯ ಬಾಗಿಲಿಗೆ ಬರುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಹೆಸರು ಕಳೆದುಕೊಂಡಿತು. ಆದರೆ ಎರಡಾಣೆಯಿಂದ ಶಾಲೆಯ ಫೀಸು ಕಟ್ಟಿದ ಸಣ್ಣ ವ್ಯಾಪಾರಿಯ ಮನೆಗಳು ಅದನ್ನು ಮರೆತಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಭೂಮಿಯಿಂದ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದರು. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ಕೂಗು ಕಾನೂನಾಗಲು ಇಪ್ಪತ್ತಮೂರು ವರ್ಷ ಹಿಡಿಯಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಭೂನ್ಯಾಯಮಂಡಳಿಗಳ ಮೂಲಕ ಉಳುವವನ ಹೆಸರಿಗೆ ಬಂತು. ಗೇಣಿಯೇ ಹೆಚ್ಚಾಗಿದ್ದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಕಾನೂನು ಚೆನ್ನಾಗಿ ಕೆಲಸ ಮಾಡಿತು. ಧಣಿಯ ಅಂಗಳಕ್ಕೆ ಹೋಗುತ್ತಿದ್ದ ಅಕ್ಕಿಮುಡಿ ಒಕ್ಕಲಿನ ಮನೆಯಲ್ಲೇ ಉಳಿಯಿತು. ಅಕ್ಕಿಮುಡಿ ಉಳಿದ ಮನೆಯಲ್ಲಿ ಮಗು ಶಾಲೆಯಲ್ಲಿ ಉಳಿಯಿತು. ಇಂದಿನ ಶೇಕಡಾ 94ರಲ್ಲಿ ಈ ಲೆಕ್ಕವೂ ಸೇರಿದೆ. ಆಸೆಯು ಅನ್ನದ ಹಿಂದಿನಿಂದ ಬಂತು.

ಈಗ ಯಾದಗಿರಿಯ ಕಡೆಗೆ ನೋಡೋಣ. ಆ ಸೀಮೆ 1948ರ ಸೆಪ್ಟೆಂಬರಿನ ತನಕ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ಓದೂ ಉರ್ದು. ಮನೆಯ ಭಾಷೆಯಾದ ಕನ್ನಡಕ್ಕೆ ಶಾಲೆಯಲ್ಲಿ ಮೂಲೆಯ ಮಣೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಲೆಕ್ಕ ಕೊಟ್ಟಿತು. ಹೈದರಾಬಾದು ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2012ರ ಕೊನೆಗೆ. ಮಳೆ ತಪ್ಪಿದರೆ ಮನೆಗೆ ಬೀಗ ಹಾಕಿ ಗುಳೆ ಹೋಗುವ ಕುಟುಂಬದ ಮಗುವನ್ನು ಮನೆಪಾಠಕ್ಕೆ ಹೋಗುವ ನಮ್ಮ ಮಗುವಿನ ಪಕ್ಕದಲ್ಲಿ ನಿಲ್ಲಿಸಿ, ಯಾರು ಜಾಣರು ಎಂದು ಅಳೆಯುವುದು ಯಾವ ನ್ಯಾಯದ ತಕ್ಕಡಿ?

ಪರದೇಶಗಳ ಪಾಠ

ಪರದೇಶದ ಮಾತು ಬಂದಾಗಲೂ ನಾವು ಜಾತಕವನ್ನೇ ತೆಗೆಯುತ್ತೇವೆ. ಕೊರಿಯದವರು ಹಟವಾದಿಗಳು, ಚೀನದವರು ಪುಸ್ತಕದ ಹುಳುಗಳು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಸ್ವಲ್ಪ ತಡೆದು ನೋಡಿದರೆ ಬೇರೆಯೇ ಕತೆ ಕಾಣುತ್ತದೆ.

1945ರಲ್ಲಿ ಜಪಾನಿನ ಆಳ್ವಿಕೆ ಮುಗಿದಾಗ ಕೊರಿಯದ ಬಹುಪಾಲು ಜನ ಓದುಬರಹ ಅರಿಯದವರು. 1950ರ ಸುಮಾರಿಗೆ ದಕ್ಷಿಣ ಕೊರಿಯದಲ್ಲಿ ಭೂಮಿ ಗೇಣಿದಾರರ ಕೈಗೆ ಬಂತು. ಆ ಬಳಿಕವೇ ರೈತರ ಮಕ್ಕಳು ಸಾಲುಗಟ್ಟಿ ಶಾಲೆಗೆ ಹೋದರು. ನಮ್ಮ ಕರಾವಳಿಯ ಕತೆಗೂ ಇದಕ್ಕೂ ಎಷ್ಟು ಹೋಲಿಕೆ! ಆದರೆ ಮುಂದಿನ ಅಧ್ಯಾಯವನ್ನೂ ಓದಬೇಕು. ಅಲ್ಲಿ ನವೆಂಬರಿನಲ್ಲಿ ನಡೆಯುವ ಒಂದೇ ದಿನದ ಪ್ರವೇಶ ಪರೀಕ್ಷೆಯು ಮಗುವಿನ ಇಡೀ ಬಾಳನ್ನು ತೂಗುತ್ತದೆ. ಇಂಗ್ಲಿಷನ್ನು ಕೇಳಿ ಉತ್ತರಿಸುವ ಹೊತ್ತಿಗೆ ಸದ್ದಾಗಬಾರದೆಂದು ವಿಮಾನಗಳನ್ನೇ ತಡೆಯುತ್ತಾರೆ. ಮನೆಪಾಠದ ಅಂಗಡಿಗಳು ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕೆಂದು ಸಿಯೋಲ್ ನಗರದಲ್ಲಿ ನಿಯಮವನ್ನೇ ಮಾಡಬೇಕಾಯಿತು. ಆ ದೇಶದ ಎಳೆಯರ ಸಾವಿಗೆ ಕಾರಣಗಳಲ್ಲಿ ಆತ್ಮಹತ್ಯೆಯೇ ಮೊದಲನೆಯದೆಂಬುದನ್ನು ಅಲ್ಲಿನ ಸರಕಾರದ ಅಂಕಿಅಂಶಗಳೇ ಹೇಳುತ್ತವೆ. ಬಿದ್ದವನಿಗೆ ಇನ್ನೊಂದು ದಾರಿ ಇಲ್ಲವೆಂದಾಗ ಓದಿನ ಆಸೆ ಹೆದರಿಕೆಯಾಗುತ್ತದೆ.

ಫಿನ್ಲೆಂಡಿನ ದಾರಿ ಬೇರೆ. ಅಲ್ಲಿಯೂ ಒಂದು ಕಾಲದಲ್ಲಿ ಹನ್ನೊಂದರ ಹರೆಯದಲ್ಲೇ ಮಕ್ಕಳನ್ನು ಎರಡು ಪಾಲು ಮಾಡುತ್ತಿದ್ದರು. 1968ರಲ್ಲಿ ಕಾನೂನು ಮಾಡಿ, ಎಲ್ಲ ಮಕ್ಕಳಿಗೂ ಹದಿನಾರರ ತನಕ ಒಂದೇ ಬಗೆಯ ಶಾಲೆ ಎಂದರು. ಅದನ್ನು 1972ರಲ್ಲಿ ಆರಂಭಿಸಿದ್ದು ರಾಜಧಾನಿಯಲ್ಲಲ್ಲ, ಬಡತನದ ಉತ್ತರ ಸೀಮೆಯಲ್ಲಿ. ರಾಜಧಾನಿಯ ಕಡೆಗೆ ಅದು ಬಂದದ್ದು 1977ರಲ್ಲಿ. ಶಾಲೆಯಲ್ಲಿ ಎಲ್ಲರಿಗೂ ಧರ್ಮಾರ್ಥವಾಗಿ ಊಟ 1948ರಿಂದಲೇ ಇದೆ. ಮಗು ಹದಿನೆಂಟು ಹತ್ತೊಂಬತ್ತಾಗುವ ತನಕ ಇಡೀ ದೇಶಕ್ಕೆ ಒಂದಾದ ದೊಡ್ಡ ಪರೀಕ್ಷೆ ಇಲ್ಲ. ಹದಿನಾರು ಮುಗಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಡಗಿ, ದಾದಿ, ಯಂತ್ರಗಾರ ಮೊದಲಾದ ಕಸುಬಿನ ಶಾಲೆಗೆ ಹೋಗುತ್ತಾರೆ; ಅವರ ಮನೆಯಲ್ಲಿ ಯಾರೂ ತಲೆ ತಗ್ಗಿಸುವುದಿಲ್ಲ. ಇದನ್ನು ಪರದೇಶದ ಚಮತ್ಕಾರವೆಂದು ಬೆರಗಾಗಬೇಕಾಗಿಲ್ಲ. ನಮ್ಮ ಅಕ್ಷರ ದಾಸೋಹವೂ 2002ರಲ್ಲಿ ಮೊದಲು ಆರಂಭವಾದದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿಯೇ. ಕೊನೆಯವನಿಂದ ಆರಂಭಿಸುವ ದಾರಿ ನಮಗೂ ಗೊತ್ತಿದೆ. ಅದರಲ್ಲಿ ನಾವು ನಾಲ್ಕು ಹೆಜ್ಜೆ ಮಾತ್ರ ನಡೆದಿದ್ದೇವೆ.

ಇಂಗ್ಲೆಂಡಿನಲ್ಲಿ ಮೈಕಲ್ ಯಂಗ್ ಎಂಬ ಸಮಾಜವಾದಿ 1958ರಲ್ಲಿ ಪ್ರತಿಭೆಯ ಆಳ್ವಿಕೆಯನ್ನು ಗೇಲಿ ಮಾಡಿ ಒಂದು ಪುಸ್ತಕ ಬರೆದರು. ಅಲ್ಲಿ ಆಗ ಹನ್ನೊಂದು ವರ್ಷದ ಮಗುವಿಗೆ ಪರೀಕ್ಷೆ ಕೊಟ್ಟು, ಇವನು ಮೇಲಿನ ಶಾಲೆಗೆ, ಇವನು ಕೆಳಗಿನದಕ್ಕೆ ಎಂದು ವಿಂಗಡಿಸುತ್ತಿದ್ದರು. ಯಂಗ್ ಅವರು ತೋರಿಸಿದ ಅಪಾಯ ಇದು: ಹುಟ್ಟಿನಿಂದ ದೊಡ್ಡವನಾದ ಜಮೀನ್ದಾರನಿಗೆ ಒಳಗೊಳಗೇ ಅಳುಕಾದರೂ ಇರುತ್ತಿತ್ತು, ಅಂಕದಿಂದ ದೊಡ್ಡವನಾದವನಿಗೆ ಅದೂ ಇರುವುದಿಲ್ಲ. ತನ್ನದೆಲ್ಲ ತನ್ನ ಯೋಗ್ಯತೆ ಎಂದು ಅವನು ನಂಬುತ್ತಾನೆ. ಸೋತವನೂ ತನ್ನದು ಅಯೋಗ್ಯತೆ ಎಂದು ನಂಬಿಬಿಡುತ್ತಾನೆ. ಪೆರ್ಡೂರಿನ ಅಂಗಡಿಯಲ್ಲಿ ನಾವು ಕೇಳಿದ್ದು ಅದೇ ಮಾತಿನ ನಮ್ಮೂರ ರೂಪ.

ಈ ನಂಬಿಕೆ ನಮ್ಮ ಮನೆಯೊಳಗೂ ಹೊಗೆಯಾಡುತ್ತಿದೆ. ನೂರಕ್ಕೆ ತೊಂಬತ್ತನಾಲ್ಕು ಮಂದಿ ಪಾಸಾಗುವ ಜಿಲ್ಲೆಯಲ್ಲಿ ಉಳಿದ ಆರು ಮಂದಿಯಲ್ಲಿ ಒಬ್ಬನಾಗುವುದು ಎಷ್ಟು ಕಷ್ಟ! ಫಲಿತಾಂಶದ ದಿನ ನೆಂಟರ ಫೋನಿಗೆ ಹೆದರಿ ಕೋಣೆಯಲ್ಲಿ ಕೂರುವ ಹುಡುಗನಿದ್ದಾನೆ. ಐವತ್ತೆರಡು ಅಂಕ ಪಡೆದು, ಮಿಲ್ಲಿನಿಂದ ಬರುವ ತಾಯಿಗೆ ಮುಖ ತೋರಿಸಲು ನಾಚುವ ಹುಡುಗಿ ಇದ್ದಾಳೆ. ಆಕೆ ನಾಚಬೇಕಾದದ್ದು ಏತಕ್ಕೆ? ಒಬ್ಬ ಒಳ್ಳೆಯ ವಯರಿಂಗಿನವನನ್ನು ಹುಡುಕಿ ವಾರಗಟ್ಟಲೆ ಅಲೆಯುವ ನಾವೇ, ನಮ್ಮ ಮಗ ವಯರಿಂಗ್ ಕಲಿಯುತ್ತಾನೆಂದು ಹೇಳಲು ಸ್ವರ ತಗ್ಗಿಸುತ್ತೇವೆ.

ಮುಂಬಯಿ ಕೊಟ್ಟ ಸಾಲ

ನಮ್ಮಲ್ಲಿ ಹಿಂದೆ ಹೀಗಿರಲಿಲ್ಲ. ಐದನೆಯದೋ ಆರನೆಯದೋ ಬಿಟ್ಟು, ಅಂಗಿಯ ಜೇಬಿನಲ್ಲಿ ಒಂದು ವಿಳಾಸ ಇಟ್ಟುಕೊಂಡು ಮುಂಬಯಿಗೆ ಹೋದ ಹುಡುಗರ ನೆನಪು ಈ ಸೀಮೆಯ ಪ್ರತಿಯೊಂದು ಮನೆಯಲ್ಲೂ ಇದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರಸಿ, ರಾತ್ರಿ ಅವರು ಕನ್ನಡದ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಸಂಘ ಗುರುನಾರಾಯಣ ರಾತ್ರಿ ಶಾಲೆಯನ್ನು ನಡೆಸಿತು. ಮರಾಠಿಯ ನಗರವಾದ ಮುಂಬಯಿಯ ನಗರಪಾಲಿಕೆಯು ಕನ್ನಡ ಮಾಧ್ಯಮದ ಶಾಲೆಗಳನ್ನೂ ಇಟ್ಟಿತು.

ಆ ಶಾಲೆಗಳಲ್ಲಿ ಓದು ಕೆಲಸವನ್ನು ಹೀಯಾಳಿಸಲಿಲ್ಲ. ಲೋಟ ತೊಳೆದ ಕೈಯೇ ಬೀಜಗಣಿತ ಬರೆಯಿತು. ತೂಕಡಿಸುವ ಹುಡುಗನನ್ನು ಬೈಯುವ ಮೊದಲು, ಊಟವಾಯಿತೇ ಎಂದು ಕೇಳುವ ಮಾಸ್ತರರು ಅಲ್ಲಿದ್ದರು. ಅಲ್ಲಿಂದ ಗುಮಾಸ್ತರು, ವಕೀಲರು, ಹೋಟೆಲಿನ ಮಾಲಿಕರು, ಕಾರ್ಮಿಕ ಮುಖಂಡರು ಹೊರಬಂದರು. ಪಾಸಾಗದೆ ಹೋದವರು ಕೂಡ ಪತ್ರಿಕೆ ಓದುವ, ಯಕ್ಷಗಾನದ ಅರ್ಥ ತೂಗುವ, ಸಂಬಳದ ಲೆಕ್ಕ ಕೇಳುವ ಮನುಷ್ಯರಾದರು. ಅವರು ಕಳಿಸಿದ ಮನಿಯಾರ್ಡರಿನಿಂದ ಊರಿನಲ್ಲಿ ತಂಗಿಯರ ಶಾಲೆಯ ಫೀಸು ಕಟ್ಟಿತು.

ಇಂದು ಚಕ್ರ ತಿರುಗಿದೆ. ಆಗ ನಾವು ಮುಂಬಯಿಗೆ ಹೋದಂತೆ ಈಗ ಯಾದಗಿರಿ, ರಾಯಚೂರು, ಕೊಪ್ಪಳ, ಬಾಗಲಕೋಟೆಯವರು ನಮ್ಮಲ್ಲಿಗೆ ಬಂದಿದ್ದಾರೆ. ಮಣಿಪಾಲದ ಎತ್ತರದ ಕಟ್ಟಡಗಳನ್ನು ನೋಡಿರಿ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಆರಂಭಿಸಿದಂದಿನಿಂದ ಅಲ್ಲಿಗೆ ದೇಶವಿದೇಶದ ಮಕ್ಕಳು ಓದಲು ಬರುತ್ತಾರೆ. ಇಂದು ಈ ಸೀಮೆಯಲ್ಲಿ ಏಳುವ ಗೋಡೆಗಳಿಗೆ ಕಲ್ಲು ಹೊರುವವರ ಮಕ್ಕಳು ಅದೇ ಗುಡ್ಡದ ತಪ್ಪಲಿನ ಶೆಡ್ಡುಗಳಲ್ಲಿ ತಮ್ಮ ತಂಗಿಯರನ್ನು ಕಾಯುತ್ತಿದ್ದಾರೆ. ಮುಂಬಯಿಯಲ್ಲಿ ನಮ್ಮ ಹುಡುಗರಿಗೆ ಭಾಷೆ ಬೇರೆ, ಲಿಪಿ ಬೇರೆ. ಇಲ್ಲಿಗೆ ಬಂದ ಮಗುವಿನ ಭಾಷೆ ಕನ್ನಡವೇ, ಪಠ್ಯಪುಸ್ತಕವೂ ಅದೇ. ಇಷ್ಟು ಹತ್ತಿರದ ಮಗುವಿಗೆ ಉಡುಪಿ ಏನು ಕೊಟ್ಟಿದೆ?

ಚೀನದಲ್ಲಿ ಹಳ್ಳಿಯಿಂದ ನಗರಕ್ಕೆ ದುಡಿಯಲು ಹೋದವರ ಮಕ್ಕಳು ದೊಡ್ಡ ಪರೀಕ್ಷೆಗೆ ಕೂರಬೇಕಾದರೆ, ಮನೆತನದ ದಾಖಲೆ ಇರುವ ಊರಿಗೇ ಮರಳಬೇಕಾಗುವುದು ಹೆಚ್ಚಿನ ಕಡೆಗಳಲ್ಲಿ ಇಂದಿಗೂ ಇದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ನಮ್ಮ ಕಾನೂನು ಮಗುವಿನ ಪರವಾಗಿಯೇ ಇದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಆರರಿಂದ ಹದಿನಾಲ್ಕರ ಮಗುವಿಗೆ ಟಿ.ಸಿ. ಬರಲಿಲ್ಲವೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಓದು ತಪ್ಪಿಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿಕೊಂಡು ವಿಶೇಷ ಪಾಠ ಹೇಳಬೇಕು. ಹಾಗಿದ್ದರೂ ಆ ಮಗು ಮರಳಿನ ರಾಶಿಯ ಹತ್ತಿರ ನಿಂತಿದ್ದರೆ, ಬಾಗಿಲಿಗೆ ಅಡ್ಡ ನಿಂತದ್ದು ಕಾನೂನಲ್ಲ. ಜಾತಕದ ಮೇಲಿನ ನಮ್ಮ ನಂಬಿಕೆ.

ಆಗಬೇಕಾದ ಕೆಲಸ

ಮಂಗಳೂರಿನ ಹರೇಕಳ ಹಾಜಬ್ಬರ ಕತೆಯನ್ನು ಸಣ್ಣ ವ್ಯಾಪಾರಿಗಳಾದ ಓದುಗರು ಬಲ್ಲರು. ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರು, ವಿದೇಶೀಯರು ಬೆಲೆ ಕೇಳಿದಾಗ ಭಾಷೆ ತಿಳಿಯದೆ ಪೆಚ್ಚಾದರು. ತನಗಾದ ಅವಮಾನ ತನ್ನೂರಿನ ಮಕ್ಕಳಿಗೆ ಆಗಬಾರದೆಂದು ದಿನದ ದುಡಿಮೆಯಲ್ಲಿ ಉಳಿಸಿ, ಕಂಡವರನ್ನು ಬೇಡಿ, ನ್ಯೂಪಡ್ಪಿನಲ್ಲಿ ಶಾಲೆ ಆಗುವಂತೆ ಮಾಡಿದರು. 2020ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಅಂಕಪಟ್ಟಿಯೇ ಇಲ್ಲದ ಆ ಮನುಷ್ಯರಿಗೆ ಓದಿನ ಬೆಲೆ ಗೊತ್ತಿತ್ತು. ಒಬ್ಬ ಕಿತ್ತಳೆ ವ್ಯಾಪಾರಿಯಿಂದ ಇಷ್ಟಾಗುವುದಾದರೆ ಒಂದು ಪೇಟೆಯ ವರ್ತಕರೂ ಒಂದು ಮಿಲ್ಲಿನ ಕಾರ್ಮಿಕರೂ ಸೇರಿದರೆ ಎಷ್ಟಾಗಬೇಡ?

ನಮ್ಮ ಸೂಚನೆಗಳು ಸಣ್ಣವು. ಮೊದಲನೆಯದು, ಮೇ ತಿಂಗಳು ಮುಗಿಯುವುದರೊಳಗೆ ಪ್ರತಿ ಪಂಚಾಯತಿನಲ್ಲಿ ಕಾರ್ಮಿಕ ಸಂಘದವರು ಶೆಡ್ಡು ಶೆಡ್ಡಿಗೆ ಹೋಗಿ ಶಾಲೆಗೆ ಹೋಗದ ಮಕ್ಕಳ ಹೆಸರು ಬರೆಯಲಿ. ಶಾಲೆ ತೆರೆದೊಡನೆ ಕೈಹಿಡಿದು ಹತ್ತಿರದ ಸರಕಾರಿ ಶಾಲೆಗೆ ಕರೆದೊಯ್ಯಲಿ. ತಮ್ಮನನ್ನು ನೋಡಿಕೊಳ್ಳುವವರು ಯಾರು ಎಂಬ ತಂದೆಯ ಪ್ರಶ್ನೆಗೆ ಅಂಗನವಾಡಿಯಲ್ಲಿ ಉತ್ತರ ದೊರಕಿಸಲಿ. ಮಕ್ಕಳಿಲ್ಲವೆಂದು ಬಾಗಿಲು ಹಾಕಲು ಹೊರಟ ನಮ್ಮ ಕನ್ನಡ ಶಾಲೆಗಳೂ ಇದರಿಂದ ಬದುಕುತ್ತವೆ.

ಎರಡನೆಯದು, ಕಟ್ಟಡ ಕಾರ್ಮಿಕರಿಗಾಗಿ ಕಾನೂನಿನಂತೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಸೆಸ್ಸು ವಸೂಲಾಗುತ್ತದೆ. ವರ್ಷದಲ್ಲಿ ತೊಂಬತ್ತು ದಿನ ದುಡಿದವನು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು. ಮಕ್ಕಳ ಓದಿಗೆ ಸಹಾಯಧನ ಕೇಳಬಹುದು. ಅದು ದಾನವಲ್ಲ, ಅವನೇ ಹೊತ್ತ ಕಲ್ಲಿನ ಲೆಕ್ಕ. ಅರ್ಜಿ ಬರೆಯಲು ಬಲ್ಲ ನಮ್ಮ ಪಿ.ಯು.ಸಿ. ಮಕ್ಕಳು ವಾರಕ್ಕೊಂದು ಸಂಜೆ ಈ ಕೆಲಸಕ್ಕೆ ಕೊಡಲಿ. ತೊಂಬತ್ತಮೂರು ಶೇಕಡಾದ ಹೆಮ್ಮೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದು?

ಮೂರನೆಯದು, ನಮ್ಮದೇ ಮಕ್ಕಳಲ್ಲಿ ಬಿದ್ದವರ ವಿಷಯ. 2024ರಲ್ಲಿ ಪರೀಕ್ಷೆ 1, 2, 3 ಎಂದು ಮೂರು ಅವಕಾಶಗಳು ಬಂದವು. ಊರಿನ ಶಾಲೆಯ ಒಂದು ಕೋಣೆಯನ್ನು ಸಂಜೆ ತೆರೆಸಿ, ಒಂದು ದೀಪ ಹಚ್ಚಿ, ಮುಂಬಯಿಯ ಆ ರಾತ್ರಿ ಶಾಲೆಯನ್ನು ಪೆರ್ಡೂರಿಗೂ ಕಾಪುವಿಗೂ ಕಾರ್ಕಳಕ್ಕೂ ತರೋಣ. ಒಂದೇ ಬೆಂಚಿನಲ್ಲಿ ಗಣಿತದಲ್ಲಿ ಬಿದ್ದ ನಮ್ಮ ಹುಡುಗನೂ, ಹೆಸರು ಬರೆಯಲು ಕಲಿಯುವ ಯಾದಗಿರಿಯ ಮೇಸ್ತ್ರಿಯೂ ಕೂರಲಿ. ವರ್ತಕರು ಸನ್ಮಾನದ ಫ್ಲೆಕ್ಸಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಆ ದೀಪಕ್ಕೆ ಕೊಡಲಿ.

ಯಾರ ಜಾತಕದಲ್ಲೂ ಓದು ಬರೆದಿಲ್ಲ, ಯಾರ ಜಾತಕದಿಂದಲೂ ಅದನ್ನು ಅಳಿಸಿಲ್ಲ. ಗೇಣಿಯ ಕಾನೂನು, ಪಿಗ್ಮಿಯ ಎರಡಾಣೆ, ರಾತ್ರಿ ಶಾಲೆಯ ಬೆಂಚು ಇವು ನಮ್ಮ ಜಾತಕವನ್ನು ತಿದ್ದಿದವು. ಆ ಸಾಲವನ್ನು ಮುಂಬಯಿಗೆ ಮರಳಿ ಕಳಿಸುವಂತಿಲ್ಲ. ನಮ್ಮ ಬಾಗಿಲಿಗೆ ಬಂದವರಿಗೆ ಕೊಟ್ಟೇ ಅದನ್ನು ತೀರಿಸಬೇಕು.

ಪೆರ್ಡೂರಿನ ಆ ಹುಡುಗಿ ಫ್ಲೆಕ್ಸಿನ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು. ಬರುವ ಜೂನಿನಲ್ಲಿ ಅವಳು ಯಾವ ತರಗತಿಯಲ್ಲಿ ಕುಳಿತಿರುತ್ತಾಳೆ ಎಂಬುದೇ ಈ ಜಿಲ್ಲೆಗೆ ಬಂದಿರುವ ಪರೀಕ್ಷೆ. ಅದರಲ್ಲಿ ನಾವು ಪಾಸಾಗೋಣ.